ಇಲ್ಲಿ ಒಂದೇ ಸಲ ಕೇಳತಾರ

ಅಮೇರಿಕಾ, ಮಾರ್ಚ್ ೧೯೪೬

ಶಹಾಬಾದದ ಗೆಳತಿ ಸುಗರಾಬೀಗ,

ನಿನಗೂ ನಮ್ಮ ಕಾಲೇಜಿನ್ಯಾಗ ಜಾಗಾ ಸಿಕ್ಕದಂತ ಓದಿ ಕುಣದಾಡಿದೆ! ಇಲ್ಲಿ ಥಂಡಿ ಭಾಳ. ಉಣ್ಣಿ ಕೋಟು ಇಲ್ಲೇ ತಗೊಳ್ಳೋಣು, ನೀ ಖಾರಪುಡಿ ತಾ.

ಇನ್ನೊಂದು ಮಾತು. ನಮ್ಮ ಕಡೆ ಊಟಕ್ಕ ಕುಂತಾಗ ಎರಡ ಸಲ 'ಬ್ಯಾಡ' ಅಂದು ಮೂರನೇದಕ್ಕ ನೀಡಿಸ್ಕೋತೀವಲ್ಲ, ಇಲ್ಲಿ ಹಂಗ ಮಾಡಬ್ಯಾಡ. ಮಾಸ್ತರರ ಮನ್ಯಾಗ ಊಟಕ್ಕ ಕರದಿದ್ರು. ಮರ್ಯಾದಿಗಿ 'ಬ್ಯಾಡ್ರಿ' ಅಂದೆ. ಅವರ ಹೆಂಡತಿ ನಗತಾ ನಗತಾ ತಾಟೇ ಎತ್ಕೊಂಡು ಹೋದರು! ಹಸದು ಮಲಗಿದೆ.

ಈಗ ನಾನೂ ಒಂದೇ ಸಲ ಕೇಳತೀನಿ: ನನ್ನ ಕೋಣ್ಯಾಗ, ನನ್ನ ಜೋಡಿ ಇರತೀ ಏನು? ನಮ್ಮ ಅಡಗಿ ಬ್ಯಾರೆ, ನಿಮ್ಮದು ಬ್ಯಾರೆ ಅಂತ ನೀ ಸಂಕೋಚ ಪಡತಿ, ಗೊತ್ತದ.

'ಬ್ಯಾಡ' ಅಂದ್ರ ಮತ್ತ ಎರಡ ಸಲ ಕೇಳತೀನಿ. ನಾ ಇನ್ನೂ ಚಿತ್ತಾಪುರದಾಕೀನೇ.

ನಿನಗ ಹಾಸಗಿ ಹಾಸಿ ಕುಂತಾಕಿ,
ರತ್ನಾಬಾಯಿ