ಲಂಡನ್ನಿನವರನ್ನು ಕೇಳುತ್ತೇವೆ, ಹಲಸೂರಿನವರನ್ನು ಕೇಳುವುದಿಲ್ಲ

ಹಲಸೂರು, ಜುಲೈ 2006

ದೆಹಲಿಯಲ್ಲಿ ಕೂತು ಅಂತರ್ಜಾಲಕ್ಕೆ ಕಾನೂನು ಬರೆಯುವ ಅಧಿಕಾರಿಗಳಿಗೆ,

ಮಾನ್ಯರೇ, ನನಗೆ ಇಂಗ್ಲೆಂಡಿನ ಜನರನ್ನು ಕಂಡರೆ ಹೊಟ್ಟೆಕಿಚ್ಚು. ಅವರ ರೈಲು, ರಸ್ತೆ, ದುಡ್ಡಿಗಾಗಿ ಅಲ್ಲ. ಒಂದು ಜಾಲತಾಣ ಅವರ ಗುರುತು ಇಟ್ಟುಕೊಳ್ಳುವುದಾದರೆ ಅವರಿಗೆ ತಿಳಿಸಬೇಕು, ಬೇಡ ಎನ್ನಲು ದಾರಿ ಕೊಡಬೇಕು ಎಂದು ಅಲ್ಲಿ ಕಾನೂನಿದೆ. ನಮಗಾಗಿ ನೀವು ಅಂಥದ್ದೊಂದನ್ನು ಬರೆದಿಲ್ಲ. ನನ್ನ ದೂರು ಇಷ್ಟೇ.

ಇದು ನನಗೆ ಹೇಗೆ ಗೊತ್ತು ಎಂದರೆ, ಅಂಥ ಜಾಲತಾಣಗಳನ್ನು ಮಾಡುವವನೇ ನಾನು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು, ಎಲ್ಲೂ ಒಂದು ವರ್ಷ ನಿಂತವನಲ್ಲ. ಇಂದಿರಾನಗರದ ಈ ಆರು ಕಂಪ್ಯೂಟರುಗಳ ಕಚೇರಿಯಲ್ಲಿ ಮಾತ್ರ ಮೂರು ವರ್ಷವಾಯಿತು. ಉದ್ಯೋಗ ಹುಡುಕುವವರಿಗೆಂದು ಲಂಡನ್ನಿನ ಗಿರಾಕಿಯೊಬ್ಬರಿಗೆ ಒಂದು ತಾಣ ಮಾಡಿದೆವು. ಬಂದವರ ಹೆಸರು ನೆನಪಿಡಲು ತಾಣ ಅವರ ಕಂಪ್ಯೂಟರಿನಲ್ಲಿ ಒಂದು ಸಣ್ಣ ಕಡತ ಬಿಟ್ಟು ಬರುತ್ತದೆ. ಅದಕ್ಕೆ ಕುಕೀ ಎನ್ನುತ್ತಾರೆ. "ನಿಮ್ಮ ಹೆಸರನ್ನು ಇಲ್ಲಿ ನೆನಪಿಡಬಹುದೇ? ಬೇರೆಯವರೂ ಈ ಕಂಪ್ಯೂಟರ್ ಬಳಸುವುದಾದರೆ ಬೇಡ ಎನ್ನಿ" ಎಂಬ ಎರಡು ಸಾಲನ್ನು ಅಲ್ಲಿನ ವಕೀಲರು ಒಪ್ಪುವಂತೆ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಆಮೇಲೆ ಅದೇ ತಾಣದ ನಕಲನ್ನು ಬೆಂಗಳೂರಿಗೆ ಮಾಡಿದೆವು. ಇಲ್ಲಿ ಆ ಪ್ರಶ್ನೆ ಬೇಡ ಎಂದರು ನಮ್ಮ ಮಾಲೀಕ ಜಯಂತ್. ತೆಗೆಯಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ನಮ್ಮ ವಠಾರದ ಎದುರು ಮನೆಯ ಜಲಜಕ್ಕ ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತೆ. ಬೇರೆ ಕೆಲಸ ಹುಡುಕುತ್ತಿದ್ದರು. ನಾನೇ ಜಂಬದಿಂದ ನಮ್ಮ ತಾಣದ ವಿಳಾಸ ಬರೆದುಕೊಟ್ಟೆ. ಅವರು ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ, ತಾಣ ಮುಚ್ಚಿ ಎದ್ದರು. ಮುಚ್ಚಿದರೆ ಮುಗಿಯಿತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಮಾರನೆಯ ದಿನ ಅವರ ಮ್ಯಾನೇಜರು ಟೈಪಿಸ್ಟ್ ಬೇಕೆಂದು ಜಾಹೀರಾತು ಹಾಕಲು ಅದೇ ಕಂಪ್ಯೂಟರಿನಲ್ಲಿ ಅದೇ ತಾಣ ತೆರೆದರು. "ಜಲಜಾ ಅವರಿಗೆ ಸ್ವಾಗತ" ಎಂದಿತು ಪರದೆ. ಕೆಳಗೆ ಅವರ ಅರ್ಜಿ. ಈಗಿನ ಕೆಲಸ ಬಿಡಲು ಕಾರಣ ಎಂಬಲ್ಲಿ ಜಲಜಕ್ಕ "ಮ್ಯಾನೇಜರ ಬಾಯಿ" ಎಂದು ಬರೆದಿದ್ದರು. ಆ ಶನಿವಾರವೇ ಅವರನ್ನು ಮನೆಗೆ ಕಳಿಸಿದರು.

ಅದು ನನ್ನ ಕೈಕೆಲಸ ಎಂದು ಜಲಜಕ್ಕನ ಬಳಿ ಹೋಗಿ ಒಪ್ಪಿಕೊಂಡೆ. ಅವರು ಬೈದಿದ್ದರೆ ಚೆನ್ನಾಗಿತ್ತು.

"ನೀನ್ ಮಾಡಿರೋದು ಅಂತಾನೇ ನಂಬಿ ಹೆಸರು ಬರೆದೆ ಕಣೋ ಸೀನ. ಒಂದ್ ಮಾತು ಕೇಳಿದ್ರೆ ಬೇಡ ಅಂತಿದ್ದೆ."

ಪ್ರಶ್ನೆಯನ್ನು ವಾಪಸು ಹಾಕೋಣ ಎಂದು ಜಯಂತ್ ಅವರ ಮುಂದೆ ನಿಂತೆ. "ಹಾಕ್ಬೇಕು ಅಂತ ಯಾವ ಕಾನೂನು ಹೇಳುತ್ತೆ, ತೋರ್ಸು ಗುರು. ಇವತ್ತೇ ಹಾಕ್ಸ್ತೀನಿ" ಎಂದರು. ತೋರಿಸಲು ನನ್ನ ಹತ್ತಿರ ಏನಿತ್ತು? ಪಡಿತರ ಚೀಟಿಯಲ್ಲಿ ಒಂದಕ್ಷರ ತಿದ್ದಲು ನಮ್ಮಿಂದ ಮೂರು ಪ್ರತಿ, ಎರಡು ಸಹಿ ಕೇಳುವ ಸರ್ಕಾರಕ್ಕೆ, ನಮ್ಮನ್ನೂ ಒಮ್ಮೆ ಕೇಳಿ ಎಂದು ಕಂಪನಿಗಳಿಗೆ ಹೇಳಲು ಯಾಕಷ್ಟು ಸಂಕೋಚ? ಬೆಂಗಳೂರು ಜಗತ್ತಿಗೇ ಕಂಪ್ಯೂಟರ್ ಕಲಿಸುತ್ತಿದೆ ಎಂದು ವೇದಿಕೆಯ ಮೇಲೆ ಹೇಳುತ್ತೀರಿ. ಒಪ್ಪಿದೆ. ಜಗತ್ತಿನವರ ಅನುಮತಿ ಕೇಳುವ ಪುಟವನ್ನು ಬರೆಯುವವರೂ ನಾವೇ. ಬಡಿಸುವವರಿಗೆ ಮಾತ್ರ ಎಲೆಯಿಲ್ಲ.

ಲಂಡನ್ನಿನ ಗಿರಾಕಿ ಮೊನ್ನೆ ಪತ್ರ ಬರೆದಿದ್ದಾರೆ. ಆ ಪ್ರಶ್ನೆ ಕಿರಿಕಿರಿ ಎಂದು ಕೆಲವರು ಗೊಣಗುತ್ತಿದ್ದಾರಂತೆ. ಅದನ್ನು ಓದಿದಾಗ ನನಗಾದ ಮತ್ಸರವನ್ನು ಹೇಗೆ ಹೇಳಲಿ? ಕೇಳಿ ಕೇಳಿ ಬೇಸರ ಬರಿಸುವಷ್ಟು ಮರ್ಯಾದೆ ನಮಗೂ ಒಂದು ದಿನ ಸಿಗಬಾರದೇ?

ಒಂದೇ ಸಾಲಿನ ಕಾನೂನು ಕೊಡಿ ಸಾಕು: ಕೇಳದೆ ಯಾರ ಗುರುತನ್ನೂ ಇಡಬಾರದು. ಬೇಗ ಕೊಡಿ. ಸೋಮವಾರ ನಾವು ಸಿ.ವಿ. ರಾಮನ್ ನಗರದ ಒಂದು ಆಸ್ಪತ್ರೆಯ ತಾಣ ಶುರು ಮಾಡಬೇಕು. ರೋಗಿಗಳು ಹೆಸರು, ಕಾಯಿಲೆ ಎರಡನ್ನೂ ತುಂಬುವ ಪುಟ ಅದರಲ್ಲಿದೆ. ಪ್ರಶ್ನೆಯಿಲ್ಲದೆ ಅದನ್ನು ಮಾಡಲಾರೆ ಎಂದಿದ್ದೇನೆ. ಮಾಡುವವರು ಬೇರೆ ಸಿಗುತ್ತಾರೆ ಎಂದಿದ್ದಾರೆ ಜಯಂತ್. ನಿಜ, ಸಿಗುತ್ತಾರೆ. ಕಾನೂನು ಬೇಕಾಗಿರುವುದು ಅದಕ್ಕೇ.

ಇಂತಿ,
ಜಲಜಕ್ಕನ ಕೆಲಸ ಕಳೆದವನು, ಸೋಮವಾರದ ಹೊತ್ತಿಗೆ ಬಹುಶಃ ತನ್ನದನ್ನೂ,
ಸೀನ