ಎರಡು ಸಲ ಒತ್ತಬೇಕಾದ ಗುಂಡಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಡುಗಪ್ಪನಿಗೆ,

ಬೆಸುಗೆಯ ನಮಸ್ಕಾರ. ಕಾಗದದ ಮಿಲ್ಲಿನಲ್ಲಿ ಇಟ್ಟ ಅಡ್ಡಹೆಸರುಗಳು ನಾವು ಮಿಲ್ಲು ಬಿಟ್ಟರೂ ನಮ್ಮನ್ನು ಬಿಡುವಂತೆ ಕಾಣುವುದಿಲ್ಲ. ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ಕೆಲಸದ ನೆಪ ಹೇಳೋಣವೆಂದರೆ ನಿವೃತ್ತನಾಗಿ ಹತ್ತು ದಿನವಾಗಿದೆ, ಬೆಳಗಿನಿಂದ ಸಂಜೆಯವರೆಗೆ ಹೆಂಡತಿಯ ಕಾಲಿಗೆ ತೊಡರಿಕೊಳ್ಳುವುದೇ ಕೆಲಸ. ತಡವಾದದ್ದು ಸೋಮಾರಿತನದಿಂದಲ್ಲ, ಕ್ಷಮಿಸು.

ನಿನ್ನ ಎಡಗೈ ಅಕ್ಷರ ಎಷ್ಟು ದುಂಡಗಾಗಿದೆ! ನನ್ನವಳು ಕಾರ್ಡು ಹಿಡಿದುಕೊಂಡು, "ಇವರದ್ದು ಓದೋಕಾದ್ರೂ ಆಗುತ್ತೆ" ಅಂದಳು. ಇಪ್ಪತ್ತಾರು ವರ್ಷ ಸಭೆಯ ನಡಾವಳಿ ಬರೆದವನಿಗೆ ಮನೆಯಲ್ಲಿ ಸಿಕ್ಕ ಮರ್ಯಾದೆ ಇಷ್ಟು.

ಬೀಳ್ಕೊಡುಗೆ ಮುಗಿದ ಮೇಲೆ ಹೇಗಾಯಿತು ಬರೆ ಎಂದಿದ್ದೀಯ. ಕ್ಯಾಂಟೀನಿನ ಮೇಜುಗಳನ್ನು ಜೋಡಿಸಿದ್ದರು. ಒಂದು ಬದಿಗೆ ಆಡಳಿತದವರು, ಇನ್ನೊಂದು ಬದಿಗೆ ಸಂಘದವರು, ತುದಿಯಲ್ಲಿ ನಾನು. ಜಂಟಿ ಸಮಿತಿಯ ಕಾರ್ಯದರ್ಶಿ ಎಂದರೆ ಯಾವತ್ತೂ ತುದಿಯ ಕುರ್ಚಿಯವನೇ ತಾನೆ? ನನ್ನ ಕಾಲದ ಅಷ್ಟೂ ನಡಾವಳಿಯನ್ನು ಕೆಂಪು ರಟ್ಟು ಹಾಕಿಸಿ ಉಡುಗೊರೆ ಕೊಟ್ಟರು. ಒಂದು ದಿನವೂ ಮುಷ್ಕರವಾಗಲಿಲ್ಲವೆಂದು ಮ್ಯಾನೇಜರು ಹೊಗಳಿದರು. ಸಂಘದ ಅಧ್ಯಕ್ಷ ಎದ್ದು, "ಇವರಿಲ್ದೇ ಇದ್ದಿದ್ರೆ ಮೇಜು ಕುಟ್ಟಿ ಕುಟ್ಟೀನೇ ನಮ್ಮ ಕೈ ಹೋಗ್ತಿತ್ತು" ಅಂದ. ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದೆ.

ಹೊರಗೆ ಬಂದವನ ಕಾಲು ನೇರವಾಗಿ ಮೂರನೇ ಯಂತ್ರದ ಹತ್ತಿರ ಹೋಯಿತು. ನಿನ್ನ ಜಾಗದಲ್ಲಿ ಈಗ ಒಬ್ಬ ಹೆಂಗಸು ಕೆಲಸ ಮಾಡುತ್ತಾಳೆ. "ಒಂದು ಸಲ ನಿಲ್ಸಿ ತೋರಿಸ್ತೀಯಾಮ್ಮ?" ಎಂದೆ. ಕೆಂಪು ಗುಂಡಿಯನ್ನು ಒಂದು ಬೆರಳಿನಲ್ಲಿ ಒತ್ತಿದಳು, ರೋಲರುಗಳು ಅಲ್ಲೇ ನಿಂತವು. "ಇದು ಯಾವಾಗ್ಲೂ ಹೀಗೇ ಸಾರ್. ಯಾಕೆ ಕೇಳಿದ್ರಿ?" ಅಂದಳು. ನಿನ್ನ ಕೈ ಹೋದ ಎರಡೇ ದಿನಕ್ಕೆ ಹಾಕಿಸಿದ ಗುಂಡಿ ಅದು ಎಂದು ಅವಳಿಗೆ ಹೇಳಲು ನನ್ನಿಂದಾಗಲಿಲ್ಲ.

ನಿನ್ನ ಕಾರ್ಡಿನಲ್ಲಿ ಒಂದು ಮಾತಿದೆ. "ನನ್ನ ಅಜಾಗರೂಕತೆಯಿಂದ ನಿನ್ನ ಸಮಿತಿಗೊಂದು ಕಪ್ಪುಚುಕ್ಕೆ ಬಂತು, ಮನಸ್ಸಿನಲ್ಲಿಟ್ಟುಕೊಳ್ಳಬೇಡ" ಎಂದು ಬರೆದಿದ್ದೀಯ. ಇದನ್ನು ಓದಿದ ಮೇಲೆ ಮೂರು ವಾರದಿಂದ ನನಗೆ ನಿದ್ದೆ ಸರಿಯಿಲ್ಲ. ಆಸ್ಪತ್ರೆಯಲ್ಲಿ ಜ್ವರದಲ್ಲಿ ಮಲಗಿದ್ದ ನೀನು, "ಗುಂಡಿ ಎರಡು ಸಲ ಒತ್ತಿದ್ರೇನೇ ಮೆಷಿನ್ ನಿಲ್ಲುತ್ತೆ ಅಂತ ನಲ್ಲಿ ಹತ್ರ ನಿನಗೆ ಹೇಳಿದ್ನಲ್ವಾ?" ಎಂದು ಕೇಳಿದ್ದೆ. "ನೆನಪಿಲ್ಲ ಕಣೋ" ಅಂದೆ ನಾನು. ಅವತ್ತಿನಿಂದ ನಿನ್ನ ನೆನಪಿನ ಮೇಲೆ ನಿನಗೇ ಅನುಮಾನ ಹುಟ್ಟಿತು.

ನನಗೆ ನೆನಪಿತ್ತು. ಸೋಮವಾರ ಬೆಳಗ್ಗೆ ನೀನು ಹೇಳಿದ ಕೂಡಲೇ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ನಮ್ಮ ಪದ್ಧತಿ ನಿನಗೂ ಗೊತ್ತು. ಚರ್ಚೆಗೆ ಬರುವ ವಿಷಯಗಳನ್ನೆಲ್ಲ ಮೊದಲು ಪೆನ್ಸಿಲ್ಲಿನಲ್ಲಿ ಬರೆಯುವುದು, ಎರಡೂ ಕಡೆಯವರಿಗೆ ತೋರಿಸುವುದು, ಯಾರಾದರೂ ಒಪ್ಪದ ಸಾಲನ್ನು ರಬ್ಬರಿನಿಂದ ಅಳಿಸುವುದು, ಉಳಿದದ್ದಕ್ಕೆ ಮಾತ್ರ ಶಾಯಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಉಪಾಯ ನನ್ನದೇ ಎಂದು ಎಷ್ಟು ಜಂಬ ಕೊಚ್ಚಿಕೊಂಡಿದ್ದೇನೆ! ನಿನ್ನ ಸಾಲನ್ನು ಹಿಂದಿನ ಮ್ಯಾನೇಜರು ಒಪ್ಪಲಿಲ್ಲ, ಹಾಗಾಗಿ ಅಳಿಸಿಹೋಯಿತು. ಪಾಪ, ಅವರೂ ಈಗ ಇಲ್ಲ. ವಿಚಾರಣೆಯಲ್ಲಿ "ಮೊದಲೇ ದೂರು ಬಂದಿತ್ತೆ?" ಎಂದು ಕೇಳಿದಾಗ, "ನಡಾವಳಿಯಲ್ಲಿ ಇಲ್ಲ" ಎಂದೆ. ಅದು ಸುಳ್ಳೂ ಅಲ್ಲ ನೋಡು. ವಿಚಾರಣೆ ಮಾಡಿದವರು ನಿನ್ನ ಹೆಸರಿನ ಮುಂದೆ "ಕಾರ್ಮಿಕನ ಅಜಾಗರೂಕತೆ" ಎಂದು ಬರೆದು ಕಡತ ಮುಚ್ಚಿದರು.

ಮೊನ್ನೆ ಮಿಲ್ಲಿಗೆ ಹೋಗಿ, ಆ ಮಾತನ್ನು ತೆಗೆಸಬೇಕು ಎಂದು ಮ್ಯಾನೇಜರನ್ನೂ ಅಧ್ಯಕ್ಷನನ್ನೂ ಕೂರಿಸಿಕೊಂಡು ಹೇಳಿದೆ. ಮ್ಯಾನೇಜರು, "ಹದಿನಾಲ್ಕು ವರ್ಷ ಆಯ್ತಲ್ಲ, ಈಗ ಯಾಕೆ ಕೆದಕ್ತೀರಿ?" ಅಂದರು. ಅಧ್ಯಕ್ಷನೂ, "ಒಳ್ಳೇ ಹೆಸರು ತಗೊಂಡು ಹೋಗ್ತಾ ಇದೀರ, ಸುಮ್ನಿರಿ ಸಾರ್" ಅಂದ. ಎರಡೂ ಕಡೆಯವರು ಒಂದೇ ಮಾತು ಆಡುವಂತೆ ಮಾಡಿದ್ದು ನನ್ನ ಜೀವನದ ಸಾಧನೆಯಲ್ಲವೆ? ಕೊನೆಗೆ ನಾನೇ ಬರೆದು, ಸಹಿ ಹಾಕಿ, ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟು ಬಂದೆ. ಮೂರನೆಯ ಪ್ರತಿ ಈ ಲಕೋಟೆಯಲ್ಲಿದೆ. ಜೊತೆಗೆ ಆ ಹಳೆಯ ಪುಸ್ತಕದ ಹಾಳೆಯನ್ನೂ ಇಟ್ಟಿದ್ದೇನೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲ್ಲು ಒತ್ತಿದ ಗುರುತು ಕಾಣುತ್ತದೆ.

ತಂಗಿಗೆ ನನ್ನ ನಮಸ್ಕಾರ ತಿಳಿಸು. ಮೊಮ್ಮಗಳು ಶಾಲೆಗೆ ಅಳದೆ ಹೋಗುವಂತಾಗಲಿ, ನಿನ್ನ ಗಂಟಲಿನ ಗುಡುಗು ಇನ್ನೂ ಇಪ್ಪತ್ತು ವರ್ಷ ಅಡಗದಿರಲಿ.

ಇಂತಿ ನಿನ್ನ,
ಬೆಸುಗೆ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಇನ್ನೊಮ್ಮೆ ಓದಿದೆ. ಸತ್ತವರು ಎದ್ದು ಬಂದು ಅಲ್ಲಗಳೆಯುವುದಿಲ್ಲವೆಂದು ತಪ್ಪನ್ನು ಅವರ ತಲೆಗೆ ಕಟ್ಟಿದ್ದೇನೆ. ಮಿಲ್ಲಿನಲ್ಲಿ ಕೊಟ್ಟ ಪ್ರತಿಯಲ್ಲೂ ಹಾಗೆಯೇ ಇದೆ, ನಾಳೆಯೇ ಹೋಗಿ ತಿದ್ದುತ್ತೇನೆ. ಹಿಂದಿನ ಮ್ಯಾನೇಜರು ನಿನ್ನ ಸಾಲನ್ನು ನೋಡಲೇ ಇಲ್ಲ. ಆ ಗುರುವಾರ ನಮ್ಮ ನೂರನೆಯ ಸಭೆ, ಬೇರೆ ಮಿಲ್ಲುಗಳವರು ನಮ್ಮ ಮಾದರಿ ನೋಡಲು ಬರುವವರಿದ್ದರು. ಪುಟ ಚೊಕ್ಕಟವಾಗಿರಲಿ ಎಂದು ಊಟದ ಬಿಡುವಿನಲ್ಲಿ ನಾನೊಬ್ಬನೇ ಕೂತು ಅಳಿಸಿದೆ. ಮುಂದಿನ ಸಭೆಗೆ ಸೇರಿಸಿದರಾಯಿತು ಎಂದುಕೊಂಡೆ. ಅದೇ ಸಂಜೆ ನೀನು ಗೇಟಿನ ಹತ್ತಿರ ನಿಂತು, "ಅದು ರಿಪೇರಿ ಆಗೋವರೆಗೆ ನಾಳೆಯಿಂದ ನಾನು ಮೆಷಿನ್ ಮುಟ್ಟಲ್ಲ" ಅಂದೆ. ನಾನು ನಿನ್ನ ಹೆಗಲ ಮೇಲೆ ಕೈಯಿಟ್ಟು, "ಸಭೇಲಿ ಹೇಳಿದೀನಿ, ಒಪ್ಕೊಂಡಿದಾರೆ. ನೀನು ಕೆಲಸಕ್ಕೆ ಹೋಗು" ಅಂದೆ. ನೀನು ನನ್ನ ಮಾತು ನಂಬಿ ಮರುದಿನ ಕೆಲಸಕ್ಕೆ ಹೋದೆ.