ಮದ್ಲ ಮದುವಿ, ಆಮ್ಯಾಲ ಸಾವು

ಹುಬ್ಬಳ್ಳಿ, ೧೯೬೨

ಟಾಕೀಸಿನ ಮಾಲಕರು ಏಕನಾಥರಾಯರಿಗೆ ಬೆಂಗೇರಿ ಯಮನಪ್ಪನ ಶರಣ್ರಿ.

ನಿನ್ನಿ ಆಟದಾಗ ಸತ್ತ ಹೀರೋಯಿನ್ ಮುಂದಿನ ರೀಲಿನ್ಯಾಗ ಮದುವಿ ಆದ್ಲು. "ರೀಲ ಅದಲಿಬದಲಿ ಆಗ್ಯಾವ" ಅಂತ ಒದರಿದ್ದಕ್ಕ ನನ್ನ ಹೊರಗ ಹಾಕಿಸಿ, ಇನ್ನ ಒಳಗ ಬಿಡೂದಿಲ್ಲ ಅಂದ್ರಿ. ಎರಡನೇ ಇಯತ್ತೇಕ ಸಾಲಿ ಬಿಟ್ಟಾಂವ ನಾ, ಖರೇ. ಆದ್ರ ಇಪ್ಪತ್ತ ವರ್ಷ ನೆಲದಾಗ ಕುಂತು ಸಿನೇಮಾ ನೋಡೇನಿ. ಬೆಂಗೇರಿ ಮಂದಿ ನನ್ನ ಕೇಳೇ ತಿಕೀಟ ತಗೀತಾರ. ತಪ್ಪಾತು ಅನ್ನೂದಿಲ್ರಿ.

ಐತವಾರ ನನ್ನ ಹೇಣ್ತಿ ಗುಡ್ಡವ್ವ ಬರ್ತಾಳ. ಆ ಹೀರೋಯಿನ್ ಅಂದ್ರ ಅಕೀಗೆ ಜೀವ. ಅಕಿನ್ನ ಒಳಗ ಬಿಡ್ರಿ, ರೀಲ ಬರೋಬ್ಬರಿ ಹಚ್ಚಸ್ರಿ. ನಾ ಹೊರಗ ಗ್ವಾಡಿಗೆ ಕಿವಿ ಹಚ್ಚಿ ಕುಂತಿರ್ತೇನಿ. ಮದುವಿ ವಾಲಗಕ್ಕಿಂತ ಮದ್ಲ ಸಾವಿನ ಅಳು ಕೇಳಿತಂದ್ರ ಅಲ್ಲಿಂದನ ಒದರ್ತೇನಿ. ಅಲ್ಲಿಂದ ಇನ್ನೆಲ್ಲಿಗೆ ಹೊರಗ ಹಾಕ್ತೀರಿ?

ನಿಮ್ಮ ಹಳೇ ಗಿರಾಕಿ,
ಯಮನಪ್ಪ